ಕಾಲು ಮುಂದಾಗಿ ಹುಟ್ಟಿದವಳು

ಸ್ನಾನ ಮುಗಿಸಿ, ಬಿರುಕುಬಿಟ್ಟ ಹಿಮ್ಮಡಿಗೆ ಹರಳೆಣ್ಣೆ ಹಚ್ಚಿಕೊಳ್ಳಲು ಕೂತಾಗಲೆಲ್ಲ ಎಡಗಾಲಿನದು ಬೇಗ ಮುಗಿಯುತ್ತದೆ; ಬಲಗಾಲಿನ ಹತ್ತಿರ ಬಂದರೆ ಕೈ ತಾನಾಗಿ ತಡೆಯುತ್ತದೆ. ನೋಡುವುದಕ್ಕೆ ಎರಡೂ ಒಂದೇ, ಅದೇ ಚಪ್ಪಟೆ ಪಾದ, ಅದೇ ಸವೆದ ಉಗುರು. ಆದರೆ ಒಂದು ಕಾಲದಲ್ಲಿ ಈ ಬಲಗಾಲು ನಾಲ್ಕೂರಿಗೆ ಹೆಸರಾದ ಕಾಲಾಗಿತ್ತು ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನಾನೂ ಬಹಳ ವರ್ಷ ನಕ್ಕವಳೇ.

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಬಂತಂತೆ. ಅವ್ವನ ಜೀವ ಹೋಗಿ ಬಂತು. ಸೂಲಗಿತ್ತಿ ಮಾತ್ರ, ‘ಅಳಬ್ಯಾಡವ್ವ, ಊರಿನ ಟೊಂಕನೋವಿಗೆಲ್ಲ ಔಷಧಿ ಹುಟ್ಟೈತೆ’ ಎಂದು ಸಮಾಧಾನ ಹೇಳಿದಳಂತೆ. ಕಾಲು ಮುಂದಾಗಿ ಹುಟ್ಟಿದವರು ಕಾಲು ತಾಕಿಸಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂಬ ನಂಬಿಕೆ ನಿಮ್ಮ ಕಡೆಯೂ ಇದ್ದೀತು. ನಮ್ಮ ಮನೆಯ ಕ್ರಮ ಇಷ್ಟು: ನೋವಿನವರು ಭಾನುವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದು ಪಡಸಾಲೆಯಲ್ಲಿ ಬೋರಲು ಮಲಗಬೇಕು, ನಾನು ಬಲಹಿಮ್ಮಡಿಯಿಂದ ಸೊಂಟವನ್ನು ಮೂರು ಸಲ ಸವರಬೇಕು, ಹೀಗೆ ಮೂರು ಭಾನುವಾರ. ಮೂರೂ ಮುಗಿಯುವ ತನಕ ಬೇರೆ ಔಷಧಿ ಮುಟ್ಟುವಂತಿಲ್ಲ. ಮುಟ್ಟಿದರೆ ಕಾಲಿನ ಗುಣ ಕೆಡುತ್ತದೆ. ಹಿರಿಯರಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಾಡಿನಲ್ಲಿ ನನಗೊಬ್ಬಳಿಗೆ ಊರಗೌಡರ ಬೆನ್ನಿಗೂ ಒದೆಯುವ ಅಧಿಕಾರವಿತ್ತು ನೋಡಿ!

ಓದಿ ಶಾಲೆಯ ಟೀಚರಾದೆ. ಆದರೇನು, ನ್ಯಾಮತಿಗೆ ಹೋದರೂ ಚನ್ನಗಿರಿಗೆ ಹೋದರೂ ವರ್ಗಾವಣೆಯ ಕಾಗದಕ್ಕಿಂತ ಮೊದಲು ಕಾಲಿನ ಸುದ್ದಿ ಹೋಗಿರುತ್ತಿತ್ತು. ಮದುವೆಯಾಗದ ನನ್ನ ಕಾಲ್ಗುಣವನ್ನು ಅಳೆಯುವ ಭಾಗ್ಯ ಯಾವ ಅತ್ತೆಗೂ ದೊರೆಯಲಿಲ್ಲ. ಅಳೆದದ್ದೆಲ್ಲ ಜನರ ಸೊಂಟಗಳೇ. ಸೋಮವಾರದಿಂದ ಶನಿವಾರದ ತನಕ ಮಕ್ಕಳಿಗೆ ವಿಜ್ಞಾನ ಹೇಳಿ, ಭಾನುವಾರ ಹಿಮ್ಮಡಿ ತೊಳೆದುಕೊಂಡು ನಿಲ್ಲುತ್ತಿದ್ದೆ. ಬಂದವರಲ್ಲಿ ಬಹುಪಾಲು ಜನಕ್ಕೆ ವಾಸಿಯೂ ಆಗುತ್ತಿತ್ತು. ಹೊಗಳಿಕೆ ಯಾರಿಗೆ ಬೇಡ? ಒಳಗೊಳಗೇ ನಾನು ಉಬ್ಬಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಎಂಬತ್ತರ ದಶಕದ ಮೊದಲಲ್ಲಿ ಬಿಳಿಚೋಡಿಗೆ ಬಂದು ಅವ್ವನ ಜೊತೆ ಮನೆ ಮಾಡಿದ್ದೆ. ಒಬ್ಬಳೇ ಅಕ್ಕ, ಸೊಕ್ಕೆ ಎಂಬ ಊರಿಗೆ ಕೊಟ್ಟಿತ್ತು. ನಾನು ಅವಳ ಬೆನ್ನಿಗೆ ಬಿದ್ದವಳು. ಅವ್ವ ಕೂಲಿಗೆ ಹೋದ ದಿನಗಳಲ್ಲೆಲ್ಲ ಅವಳ ಸೊಂಟದ ಮೇಲೇ ಕೂತು ಬೆಳೆದವಳು. ಆ ವರ್ಷ ಶೇಂಗಾದ ಚೀಲ ಎತ್ತಲು ಬಗ್ಗಿದ ಅಕ್ಕನ ಸೊಂಟ ಹಿಡಿದುಕೊಂಡಿತು. ಜಗಳೂರಿನ ಆಸ್ಪತ್ರೆಗೆ ಹೋಗೋಣವೆಂದ ಭಾವನಿಗೆ, ‘ಮನೇಲೇ ಔಷಧಿ ಇಟ್ಕಂಡು ಅಲ್ಲಿಗ್ಯಾಕೆ?’ ಎಂದು ನಕ್ಕು ನಮ್ಮಲ್ಲಿಗೆ ಬಂದಳು.

ಮೊದಲ ಭಾನುವಾರ ಕಾಲು ತಾಕಿಸಿದೆ. ‘ಹಗುರಾತು ಕಣೇ’ ಅಂದಳು. ಎರಡನೆಯ ಭಾನುವಾರದ ಹೊತ್ತಿಗೆ ನೋವು ಎರಡೂ ತೊಡೆಗಳಿಗೆ ಇಳಿದಿತ್ತು. ಇಳಿಯುತ್ತಿದೆ ಎಂದರೆ ಹೊರಗೆ ಹೋಗುತ್ತಿದೆ ಎಂದು ಅವ್ವನೂ ನಾನೂ ಅರ್ಥ ಮಾಡಿಕೊಂಡೆವು. ಶುಕ್ರವಾರ ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಅಕ್ಕ ಹಿತ್ತಲಿಗೆ ಕರೆದು, ಸೆರಗು ಬಾಯಿಗೆ ಹಿಡಿದು ಹೇಳಿದಳು:

‘ಉಚ್ಚೆ ಹೊಯ್ಯಾಕೆ ಆಗ್ತಿಲ್ಲ ಕಣೇ. ಕೂತರೆ ಕೂತ ಜಾಗ ನಂದಲ್ಲ ಅನ್ನಂಗೆ ಆಗೈತೆ. ಯಾರ ಮುಂದೂ ಅನ್ನಬ್ಯಾಡ, ನಾಚಿಕೆ.’

‘ಉಷ್ಣ ಆಗೈತೆ ಬಿಡು,’ ಅಂದೆ. ‘ಜೀರಿಗೆ ನೀರು ಕುಡಿ. ನಾಡಿದ್ದು ಭಾನುವಾರ ಬಂದೇ ಬಿಡ್ತು.’

ಅಷ್ಟೇ ನೋಡಿ. ಮೂತ್ರ ಕಟ್ಟಿದರೆ ಉಷ್ಣ, ಉಷ್ಣಕ್ಕೆ ಜೀರಿಗೆ ನೀರು. ಸೊಂಟಕ್ಕೂ ಅದಕ್ಕೂ ನಂಟಿದ್ದೀತು ಎಂದು ವಿಜ್ಞಾನದ ಟೀಚರಮ್ಮನಿಗೆ ಹೊಳೆಯಲೇ ಇಲ್ಲ. ನಮ್ಮ ಮನೆ ಮುಂದೆಯೇ ದಾವಣಗೆರೆಯ ಬಸ್ಸು ನಿಲ್ಲುತ್ತಿತ್ತು. ಆ ದಿನವೂ ನಿಂತಿತು, ಹೋಯಿತು. ಶನಿವಾರ ಅವಳಿಗೆ ಗೊತ್ತಿಲ್ಲದಂತೆಯೇ ಸೀರೆ ಒದ್ದೆಯಾದಾಗ, ಕಟ್ಟಿದ್ದು ಬಿಟ್ಟಿತು, ಜೀರಿಗೆ ಕೆಲಸ ಮಾಡಿತು ಎಂದು ನಾನು ಸಂತೋಷಪಟ್ಟೆ. ಥೂ ನನ್ನ ಸಂತೋಷವೇ!

ಮೂರನೆಯ ಭಾನುವಾರ ಅಕ್ಕ ಎದ್ದು ನಿಲ್ಲಲಾರದೆ ಹೋದಳು. ಅವ್ವನೂ ನಾನೂ ಹಿಡಿದು ಬೋರಲು ಮಲಗಿಸಿದೆವು. ಹಿಮ್ಮಡಿಯನ್ನು ಸೊಂಟದ ಕೆಳತುದಿಯವರೆಗೆ ಒತ್ತಿ ಒಂದು ಸಲ ಎಳೆದೆ, ಎರಡು ಸಲ ಎಳೆದೆ. ಮೂರನೆಯದು ಮುಗಿದು ಕಾಲನ್ನು ಅಲ್ಲೇ ಇಟ್ಟು ನಿಂತಿದ್ದಾಗ ಅಕ್ಕ ನೆಲಕ್ಕೆ ಮುಖವಿಟ್ಟೇ ಕೇಳಿದಳು: ‘ಇನ್ನೂ ಕಾಲು ಇಟ್ಟಿಲ್ಲೇನೇ?’

ಆಗ ಬಂತು ನನಗೆ ಭಯ. ಆಮೇಲೆ ಬಸ್ಸೂ ಬಂತು, ದಾವಣಗೆರೆಯ ಆಸ್ಪತ್ರೆಯೂ ಬಂತು, ಅಲ್ಲಿಂದ ಬೆಂಗಳೂರೂ ಆಪರೇಶನ್ನೂ ಬಂದವು. ಬೆನ್ನಿನ ಮೂಳೆಗಳ ನಡುವಿನ ಮೆತ್ತೆ ಜಾರಿ ಕೆಳಗಿನ ನರಗಳನ್ನೆಲ್ಲ ಒತ್ತಿಬಿಟ್ಟಿತ್ತಂತೆ. ಶುಕ್ರವಾರವೇ ಬಂದಿದ್ದರೆ ಎಂದು ಡಾಕ್ಟರು ಮಾತು ಶುರು ಮಾಡಿ ನನ್ನ ಮುಖ ನೋಡಿ ನಿಲ್ಲಿಸಿದರು.

ವ್ಯಾಯಾಮಕ್ಕೆಂದು ದಾವಣಗೆರೆಯ ಆಸ್ಪತ್ರೆಗೆ ವಾಪಸು ತಂದು ತಿಂಗಳುಗಟ್ಟಲೆ ಇಟ್ಟುಕೊಂಡಿದ್ದೆವು. ಅಲ್ಲಿ ಫಿಸಿಯೋಥೆರಪಿಸ್ಟ್ ಎಂಬ ಒಬ್ಬ ಮೇಡಂ ಇದ್ದರು. ಆ ಹೆಸರು ಬಾಯಿಗೆ ಬಾರದ ನಮ್ಮ ಜನ ‘ಕಾಲು ಆಡಿಸೋ ಮೇಡಂ’ ಅನ್ನುತ್ತಿದ್ದರು. ಅವರ ಕೋಣೆ ಉದ್ದದ ಕಾರಿಡಾರಿನ ಕಟ್ಟಕಡೆಗೆ. ಸೊಂಟ ಹಿಡಿದವರು ಯಾರು ಬಂದರೂ ಮೈ ಮುಟ್ಟುವ ಮೊದಲು ಅವರು ಪರದೆಯ ಆಚೆ ಕೂರಿಸಿ ಕೇಳುತ್ತಿದ್ದ ಪ್ರಶ್ನೆಗಳು ಅವೇ ಮೂರು: ‘ಮೂತ್ರ ಸಲೀಸಾಗಿ ಹೋಗುತ್ತೇನ್ರಿ? ಕೂತ್ಕೊಳ್ಳೋ ಜಾಗದಲ್ಲಿ ಮುಟ್ಟಿದ್ದು ತಿಳಿಯುತ್ತಾ? ಕಾಲಲ್ಲಿ ಬಲ ಕಮ್ಮಿ ಆಗಿದೆಯಾ?’ ಈಚೆ ಬೆಂಚಿನ ಮೇಲೆ ಕೂತ ನಾನು ಪ್ರತಿ ಸಲವೂ ತಲೆ ತಗ್ಗಿಸುತ್ತಿದ್ದೆ.

ಒಂದು ದಿನ ಅವರಿಗೆ ನನ್ನ ಕಾಲಿನ ಕಥೆ ಹೇಳಿಕೊಂಡೆ. ಬೈಯಲಿ ಎಂದೇ ಹೇಳಿದ್ದು, ಅವರು ಬೈಯಲಿಲ್ಲ. ‘ಬಹುಪಾಲು ಸೊಂಟನೋವು ಕೆಲವು ವಾರಕ್ಕೆ ತಾನಾಗೇ ಇಳಿಯುತ್ತೆ ಟೀಚರೇ. ನಿಮ್ಮ ಮೂರು ಭಾನುವಾರ ಅಂದ್ರೂ ಅಷ್ಟೇ ದಿನ ಅಲ್ವಾ?’ ಎಂದರು. ಅಷ್ಟು ವರ್ಷ ಸೊಂಟಗಳು ತಾವಾಗಿ ವಾಸಿಯಾಗಿದ್ದವು, ಹೆಸರು ನನ್ನ ಕಾಲಿಗೆ ಬಂದಿತ್ತು. ತಾನಾಗಿ ವಾಸಿಯಾಗದ ಆ ಒಂದು ನೋವು ನನ್ನ ಬಾಗಿಲಿಗೇ ಬಂದಾಗ ಅದನ್ನು ಬೇರೆಯಾಗಿ ಗುರುತಿಸುವ ಕಣ್ಣು ಕಾಲಿಗೆ ಎಲ್ಲಿಂದ ಬರಬೇಕು?

ಮೈನೋವು ಹೊತ್ತ ಮನುಷ್ಯ ಮೊದಲು ಯಾರ ಮುಂದೆ ಹೋಗಿ ನಿಲ್ಲುತ್ತಾನೋ ಅವರ ಕೈಯಲ್ಲಿ ಅರ್ಧ ಹಣೆಬರಹ ಇರುತ್ತದೆ. ಆ ಮೊದಲಿನ ಜಾಗದಲ್ಲಿ ನಾನಿದ್ದೆ; ಇರಬೇಕಾಗಿದ್ದ ಆ ಮೇಡಂ ಕಾರಿಡಾರಿನ ಕೊನೆಯಲ್ಲಿದ್ದರು, ಎಲ್ಲ ಮುಗಿದವರ ಕಾಲು ಆಡಿಸುತ್ತಾ. ಅಂಥವರ ಕೋಣೆ ಆಸ್ಪತ್ರೆಯ ಗೇಟಿನ ಪಕ್ಕದಲ್ಲೇ ಇರಬಾರದೇ, ಜಗಳೂರಿನಲ್ಲಿ, ಹೊನ್ನಾಳಿಯಲ್ಲಿ ಒಂದೊಂದು ಇರಬಾರದೇ ಎಂದು ಆಗ ನನಗೆ ಹೊಟ್ಟೆ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಅಕ್ಕ ಮಂಚ ಹಿಡಿದು ನಮ್ಮ ಮನೆಯ ಪಡಸಾಲೆಯಲ್ಲೇ ಉಳಿದಳು. ಕಾಲು ತಾಕಿಸುವುದನ್ನು ನಾನು ಬಿಟ್ಟೆ. ಜನ ಬರುವುದನ್ನು ಬಿಡಲಿಲ್ಲ. ಬಂದವರಿಗೆ ಆ ಮೂರು ಪ್ರಶ್ನೆ ಕೇಳತೊಡಗಿದೆ. ‘ಟೀಚರಮ್ಮ ಈಗ ಒದಿಯಲ್ಲಂತೆ, ಉಚ್ಚೆ ವಿಚಾರ ಕೇಳ್ತಾಳಂತೆ’ ಎಂದು ಊರು ನಕ್ಕಿತು. ಒಂದು ಮಂಗಳವಾರ ಕುರಿ ಸಾಕುವವರ ಮನೆಯ ಸೊಸೆಯೊಬ್ಬಳು ಗೋಡೆ ಹಿಡಿದು ಬಂದಳು. ಕೇಳಿದೆ. ಅವಳು ಸೆರಗು ಬಾಯಿಗೆ ಹಿಡಿದಳು. ಮತ್ತೆ ಗದರಿ ಕೇಳಿದೆ, ಅತ್ತು ಹೇಳಿದಳು. ಶಾಲೆಗೆ ರಜೆ ಹೇಳಿ ಅದೇ ದಾವಣಗೆರೆಯ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂರು ತಿಂಗಳಿಗೆ ಆಕೆ ತನ್ನ ಕಾಲ ಮೇಲೆ ತಾನೇ ನಡೆದು ಬಂದು, ಬೇಡವೆಂದರೂ ಕೇಳದೆ ನನ್ನ ಕಾಲಿಗೆ ಬಿದ್ದು ಹೋದಳು.

ಮಂಚದ ಮೇಲಿಂದ ಅಕ್ಕ ಎಲ್ಲವನ್ನೂ ನೋಡಿದ್ದಳು. ಅಷ್ಟು ವರ್ಷ ಒಮ್ಮೆಯೂ ನನ್ನನ್ನು ದೂರಿದವಳಲ್ಲ. ಆ ಸೊಸೆ ಬೀದಿಯ ತಿರುವು ದಾಟುವ ತನಕ ಅವಳ ನಡಿಗೆಯನ್ನೇ ನೋಡುತ್ತಿದ್ದು, ಮೆಲ್ಲಗೆ ಅಂದಳು:

‘ಅವಳನ್ನ ಎರಡು ಸಲ ಕೇಳಬೇಕಾತು. ನೀನು ಕೇಳದೇನೇ ನಾನು ಹೇಳಿದ್ದೆ ಕಣೇ.’

ಹೋಗಿ ಅವಳ ಕಾಲು ಒತ್ತುತ್ತಾ ಕೂತೆ. ಅಕ್ಕ ಇನ್ನೂ ಬೀದಿಯ ಕಡೆಗೇ ನೋಡುತ್ತಿದ್ದಳು. ನಾನು ಒತ್ತುತ್ತಿದ್ದುದು ಅವಳಿಗೆ ತಿಳಿಯಲಿಲ್ಲ.