ಹುಲ್ಲುಕಡ್ಡಿ ಎತ್ತಿಸದ ಸೊಸೆ

ಶೆಟ್ಟಿಕೊಪ್ಪದ ಸುಲೋಚನಾಳಿಗೆ ಒಳ್ಳೆಯ ಸೊಸೆ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅತ್ತೆ ಗುಲಾಬಮ್ಮನವರು ಒಂದು ಹುಲ್ಲುಕಡ್ಡಿ ಎತ್ತಲೂ ಅವಳು ಬಿಡುತ್ತಿರಲಿಲ್ಲ. ಮಜ್ಜಿಗೆ ಕಡೆಯುವ ಕಡಗೋಲು ಕಸಿದುಕೊಂಡಳು, ಬಾವಿಯ ಹಗ್ಗ ಕಸಿದುಕೊಂಡಳು. ಕೊನೆಗೆ ತಿಂಡಿಯೂ ಅತ್ತೆ ಕೂತ ಕುರ್ಚಿಗೇ ಬರತೊಡಗಿತು. ಬಂದ ನೆಂಟರೆಲ್ಲ ಹೊಗಳಿ ಹೋಗುತ್ತಿದ್ದರು.

2007ರ ಬೇಸಿಗೆಯಲ್ಲಿ ಒಂದು ದಿನ ಗುಲಾಬಮ್ಮನವರಿಗೆ ಆ ಕುರ್ಚಿಯಿಂದ ಏಳಲು ಆಗಲಿಲ್ಲ. ಕೊಪ್ಪದ ಡಾಕ್ಟರು ತೊಡೆ ಒತ್ತಿ ನೋಡಿದರು.

"ಮೂಳೆಗೆ ಏನೂ ಆಗಿಲ್ಲ. ಮಾಂಸಖಂಡ ಕರಗಿದೆ. ಅದರ ಎಳೆಗಳಿಗೆ ಅಂಟಿಕೊಂಡು ಕೆಲವು ಜೀವಕೋಶಗಳು ಮಲಗಿರ್ತವೆ. ಮೈ ಬಗ್ಗಿಸಿ ದುಡಿದಾಗ ಅವು ಎದ್ದು, ಒಂದು ಎರಡಾಗಿ ಹೆಚ್ಚಿ, ಎಳೆಗಳನ್ನ ರಿಪೇರಿ ಮಾಡ್ತವೆ. ವಯಸ್ಸಾದ ಮೇಲೆ ಕಮ್ಮಿ ಆಗ್ತವೆ, ಆದ್ರೂ ಇರ್ತವೆ. ಕೆಲಸವೇ ಕೊಡದಿದ್ರೆ ಯಾಕೆ ಏಳ್ತವೆ? ಇವರನ್ನ ಹೀಗೆ ಕೂರಿಸಿದ್ದು ಯಾರು?"



"ನಂದೇ ಸೋಮಾರಿತನ ಡಾಕ್ಟ್ರೇ" ಎಂದರು ಅತ್ತೆ.

ಅದಕ್ಕಿಂತ ಅತ್ತೆ ತನಗೆ ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಸುಲೋಚನಾಳಿಗೆ.

ದಿನಾ ಎದ್ದು ಕೂತು, ಅಂಗಳ ಸುತ್ತಿ, ಮಳೆಗಾಲ ಮುಗಿಯುವಷ್ಟರಲ್ಲಿ ಗುಲಾಬಮ್ಮನವರು ಪುಟ್ಟ ಕೊಡದಲ್ಲಿ ನೀರು ಸೇದತೊಡಗಿದರು. ಒಂದು ಬೆಳಿಗ್ಗೆ ಪಕ್ಕದ ಮನೆಯ ಲಲಿತಮ್ಮ ಬೇಲಿಯಾಚೆ ನಿಂತು ಕೇಳಿದಳು: "ಎಂತದೇ ಮಾರಾಯ್ತಿ, ಈ ವಯಸ್ಸಲ್ಲಿ ಅತ್ತೆ ಕೈಲಿ ನೀರು ಸೇದಿಸ್ತೀಯಾ?"

ಎಲ್ಲ ಗೊತ್ತಿದ್ದೂ ಸುಲೋಚನಾಳ ಕೈ ಹಗ್ಗಕ್ಕೆ ಹೋಯಿತು. ಗುಲಾಬಮ್ಮನವರು ಹಗ್ಗ ಬಿಡಲಿಲ್ಲ. ಸೊಸೆಯೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು:

"ನಿನ್ನ ಹೆಸರಿಗೋಸ್ಕರ ಇನ್ನೊಂದ್ಸಲ ಹೋಗಿ ಕುರ್ಚಿಲಿ ಕೂರಲಾ?"