ಟ್ಯಾಂಕಿನ ಮೇಲಿನ ಕೆಂಪು ಬಾವುಟ

ದೊಡ್ಡಪ್ಪನಿಗೆ ಕಣ್ಣು ಮಂಜಾದ ಮೇಲೆ ಅವರ ಗೆಳೆಯರೊಬ್ಬರು ದಿನಾ ಬೆಳಿಗ್ಗೆ ಬಂದು ಪೇಪರ್ ಓದಿ ಹೇಳುತ್ತಿದ್ದರು. ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ದುಡಿದು, ಒಂದೇ ಕೆಂಪು ಬಾವುಟದ ಕೆಳಗೆ ಘೋಷಣೆ ಕೂಗಿ, ಕೊನೆಗೆ ಮದ್ದೂರಿನಲ್ಲಿ ಹತ್ತಿರದ ಬೀದಿಗಳಲ್ಲೇ ಮನೆ ಮಾಡಿಕೊಂಡವರು.

ಉಕ್ರೇನಿನಲ್ಲಿ ಯುದ್ಧ ಶುರುವಾಗಿತ್ತು. ನಾನು ಮಳವಳ್ಳಿಯಿಂದ ಬಂದು ದೊಡ್ಡಪ್ಪನ ಜಗಲಿಯಲ್ಲಿ ಕೂತಿದ್ದೆ. ರಷ್ಯದ ಟ್ಯಾಂಕೊಂದರ ಮೇಲೆ ಸುತ್ತಿಗೆ ಕುಡುಗೋಲಿನ ಬಾವುಟ ಹಾರುತ್ತಿರುವ ಚಿತ್ರ ಬಂದಿದೆ ಎಂದು ಗೆಳೆಯರು ಹೇಳಿದರು.

ದೊಡ್ಡಪ್ಪ ನೆಟ್ಟಗೆ ಕೂತರು. "ನಮ್ ಬಾವುಟ ಕಣ್ಲಾ ಅದು! ಇನ್ನೂ ಬದುಕೈತೆ."

"ಬಾವುಟ ನಮ್ದೇಯ," ಎಂದರು ಗೆಳೆಯರು. "ಟ್ಯಾಂಕು ಅವರ್ದು, ರಸ್ಯಾ ದೇಸದ್ದು."

"ಬಾಯ್ ಮುಚ್ಲಾ. ಸ್ಟ್ರೈಕ್‌ನಾಗೆ ನಮ್ಮನ್ನೆಲ್ಲ ಬುಟ್ಟು ಮೊದ್ಲು ಗೇಟು ದಾಟಿ ಕೆಲ್ಸಕ್ಕೋದೋನು ನೀನು. ನಿಂಗೇನ್ ಗೊತ್ತು ಬಾವುಟ?"

ಆ ಸ್ಟ್ರೈಕಿನ ಹೊತ್ತಿಗೆ ಗೆಳೆಯರ ಮಗು ಕಾಯಿಲೆ ಬಿದ್ದಿತ್ತು, ಔಷಧಿಗೆ ಕೂಲಿ ಬೇಕಿತ್ತು. ನಮ್ಮ ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಆದರೆ ಅಷ್ಟು ವರ್ಷಗಳಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ. ಗೆಳೆಯರು ಪೇಪರ್ ಮಡಿಸಿಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದರು. ಮತ್ತೆ ಬರಲಿಲ್ಲ.

ಕೆಲವು ತಿಂಗಳ ನಂತರ ದೊಡ್ಡಪ್ಪ ಕೇಳಿದರು: "ನೀನು ಕಾಲೇಜ್ನಾಗೆ ರಸ್ಯಾ ಚರಿತ್ರೆ ಪಾಠ ಮಾಡ್ದೋನಲ್ವಾ ಮಗ. ಟ್ಯಾಂಕು ಅವರ್ದು ಅಂತ ಅವನೇಳಿದ್ದು ದಿಟವಾ?"

ಗೊತ್ತಿದ್ದಷ್ಟನ್ನು ಹೇಳಿದೆ. 1917ರ ಕ್ರಾಂತಿಯಾದಾಗ ದೇಶ ಬಿಟ್ಟ ಕೆಲವು ರಷ್ಯನ್ನರೇ, ಚೂರಾದ ತಮ್ಮ ಹಳೆಯ ನಾಡನ್ನು ಈ ಕೆಂಪು ಜನ ಮತ್ತೆ ಕೂಡಿಸುತ್ತಿದ್ದಾರೆ, ಬಣ್ಣ ಯಾವುದಾದರೇನು ಎಂದು ಬರೆದಿದ್ದರು. ಎರಡನೇ ಮಹಾಯುದ್ಧದಲ್ಲಿ ಕೆಂಪು ಸರ್ಕಾರವೇ ರಾಜರ ಕಾಲದ ಸೇನಾಪತಿಗಳನ್ನು ನೆನಪಿಸಿ ಜನರನ್ನು ಹುರಿದುಂಬಿಸಿತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಕೆಂಪು ಬಾವುಟ, ರಾಜರ ಬಾವುಟ, ಸಂತರ ಪಟಗಳು ಒಂದೇ ಮೆರವಣಿಗೆಯಲ್ಲಿ ಹೋದವು. ಕಾರ್ಮಿಕನಿಗೆ ದೇಶವಿಲ್ಲ ಎಂದು ಹೊರಟ ಮಾತು ರಷ್ಯಕ್ಕಿಂತ ದೊಡ್ಡದು ಯಾವುದೂ ಇಲ್ಲ ಎಂಬಲ್ಲಿಗೆ ಬಂದು ನಿಂತಿತ್ತು.

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ನಾವು ಜೈ ಅಂದಿದ್ದು ಯಾರಿಗೆ ಹಂಗಾರೆ?"

ಎದ್ದು ನಿಂತು ಚಪ್ಪಲಿಗಾಗಿ ಕಾಲಾಡಿಸಿದರು.

"ನಡಿ, ಅವನ ಮನೆಗೆ ಓಗುವಾ."

ಕೈ ಹಿಡಿದು ಕರೆದುಕೊಂಡು ಹೋದೆ. ಗೆಳೆಯರು ಬಾಗಿಲಲ್ಲೇ ಕೂತಿದ್ದರು. ಒಳಗೆ ಕೂಗಿ ಕಾಫಿ ತರಿಸಿದರು. ಬಿಸಿ ತಗುಲೀತೆಂದು ಲೋಟದ ಸುತ್ತ ತಮ್ಮ ಟವೆಲ್ ಸುತ್ತಿ ದೊಡ್ಡಪ್ಪನ ಕೈಗಿಟ್ಟರು.

"ನೀನೇಳಿದ್ದೇ ಸರಿ ಕಣ್ಲಾ," ಎಂದರು ದೊಡ್ಡಪ್ಪ. "ಟ್ಯಾಂಕು ಅವರ್ದೇ."

"ರಸ್ಯಾ ಇಚಾರ ಬುಡು. ಅದ್ಯಾರ್ದಾದ್ರೂ ಆಗ್ಲಿ. ಇಷ್ಟ್ ವರ್ಸ ಪಕ್ಕದಲ್ಲೇ ಕುಂತು, ನಾನು ಗೇಟು ದಾಟಿದ್ದನ್ನ ಮನಸ್ನಾಗೇ ಮಡಿಕ್ಕೊಂಡಿದ್ಯಲ್ಲಾ."

ದೊಡ್ಡಪ್ಪ ಲೋಟಕ್ಕೆ ಸುತ್ತಿದ್ದ ಟವೆಲ್ ಬಿಚ್ಚತೊಡಗಿದರು.

"ಕಾಪಿ ಆರೋಯ್ತದೆ, ಕುಡಿ," ಎಂದರು ಗೆಳೆಯರು.

ಕುಡಿದರು. ನಾಳೆ ಪೇಪರ್ ಓದಾಕೆ ಬತ್ತೀಯಾ ಎಂದು ದೊಡ್ಡಪ್ಪ ಕೇಳಲಿಲ್ಲ, ಬತ್ತೀನಿ ಎಂದು ಗೆಳೆಯರೂ ಅನ್ನಲಿಲ್ಲ. ಬೀದಿಗೆ ಇಳಿದ ಮೇಲೆ ನಾನು ಏನೋ ಸಮಾಧಾನ ಹೇಳಲು ಹೋದೆ. ದೊಡ್ಡಪ್ಪ ನನ್ನ ಕೈ ಬಿಡಿಸಿಕೊಂಡು, ಗೋಡೆ ಸವರುತ್ತಾ ಒಬ್ಬರೇ ಮುಂದೆ ನಡೆದರು.