ಮಸ್ಕಿ ಅಂಗಡಿಯ ಕೆಂಪು ವೃತ್ತ

ನಮ್ಮ ಕಂಪನಿ ಸಿಮೆಂಟು, ಪೈಪು, ಬಣ್ಣ ಮಾರುತ್ತದೆ. ಮುಖ್ಯ ಕಚೇರಿಯೂ ದೊಡ್ಡ ಗೋದಾಮೂ ಸಿಂಧನೂರಿನಲ್ಲಿ, ಒಂದೊಂದು ಅಂಗಡಿ ಲಿಂಗಸುಗೂರು ಮತ್ತು ಮಸ್ಕಿಯಲ್ಲಿ. ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಎಷ್ಟು ಮಾಲು ಹೋಯಿತು, ಎಷ್ಟು ಉಳಿಯಿತು ಎಂದು ತಿಳಿಯಬೇಕಾದವರು ನನ್ನ ಮೇಜಿನ ಮುಂದೆ ನಿಲ್ಲಬೇಕಿತ್ತು. ನಾನು ಚಹಾ ಮುಗಿಸಿ, ಕನ್ನಡಕ ಒರೆಸಿಕೊಂಡು, ಆಮೇಲೆ ವರದಿ ತೆಗೆದುಕೊಡುತ್ತಿದ್ದೆ. ನನ್ನ ಬದುಕಿನಲ್ಲಿ ಗತ್ತು ಎಂಬುದಿದ್ದರೆ ಅದು ಅಷ್ಟೇ.

ಹೋದ ವರ್ಷ ಹೊಸ ಸಾಫ್ಟ್‌ವೇರ್ ಬಂತು. ಯಾರ ವರದಿಯನ್ನು ಅವರೇ ಮಾಡಿಕೊಳ್ಳಬಹುದು, ಅಂಕಿಗಳೆಲ್ಲ ಚಿತ್ರಗಳಾಗಿ ಮೊಬೈಲಿನಲ್ಲಿ ಕಾಣುತ್ತವೆ. ಕಲಿಸಲು ಬಂದಾತ, “ಮದುವಿ ಮನ್ಯಾಗ ಬಫೆ ಇರ್ತೈತಲ್ರೀ, ಹಂಗ. ನಿಮ್ಮ ತಾಟಿಗೆ ನೀವ ಬಡಸ್ಕೊಳ್ಳೂದು” ಎಂದ. ಸಾಹುಕಾರರು, ಅಂದರೆ ನಮ್ಮ ಮಾಲೀಕರು, “ಹಂಗಾದ್ರ ಬಡಸಾಂವ ಯಾಕ ಬೇಕು?” ಎಂದು ನನ್ನ ಕಡೆ ನೋಡಿದರು. ಅದು ತಮಾಷೆಯ ಮಾತು ಎಂದು ನಾನು ಇಂದಿಗೂ ನಂಬಿದ್ದೇನೆ.

ಬಫೆಯಲ್ಲಿ ಆಗುವುದೇ ಆಯಿತು. ಲಿಂಗಸುಗೂರಿನ ಮ್ಯಾನೇಜರು ಸಿಕ್ಕಿದ್ದನ್ನೆಲ್ಲ ಬಡಿಸಿಕೊಂಡರು. ಅವರ ಚಿತ್ರದಲ್ಲಿ ಹೋಳಿಯ ಬಣ್ಣವೆಲ್ಲ ಇತ್ತು. ಅಳತೆಯನ್ನು ಸೊನ್ನೆಯಿಂದ ಶುರು ಮಾಡದೆ ಎಲ್ಲೋ ಮೇಲಿನಿಂದ ಶುರು ಮಾಡಿದ್ದರಿಂದ, ನಾಲ್ಕು ಪೈಪು ಹೆಚ್ಚಿಗೆ ಹೋದರೂ ಚಿತ್ರದ ಕಂಬ ಮುಗಿಲು ಮುಟ್ಟುತ್ತಿತ್ತು.

ಸಾಹುಕಾರರೂ ತಾವೇ ಕೂತು ಒಂದು ಚಿತ್ರ ಮಾಡಿದರು. ಒಂದೊಂದು ಕಡೆಗೆ ಒಂದೊಂದು ವೃತ್ತ. ಅಲ್ಲಿರುವ ಎಲ್ಲಕ್ಕಿಂತ ಹಳೆಯ ಮಾಲು ಎಷ್ಟು ಹಳೆಯದು ಎಂಬುದರ ಮೇಲೆ ಬಣ್ಣ: ಹೊಸದಾದರೆ ಹಸಿರು, ಹಳೆಯದಾದರೆ ಕೆಂಪು. ಬಹಳ ದಿನ ಇಟ್ಟ ಸಿಮೆಂಟು ಕಲ್ಲಾಗುತ್ತದೆ, ಹಾಗಾಗಿ ಯೋಚನೆಯೇನೂ ತಪ್ಪಲ್ಲ. ಮೊದಲ ದಿನ ಮೂರೂ ಕೆಂಪಾಗಿಯೇ ಬಂದವು. ಕೆಲವೇ ದಿನಗಳಲ್ಲಿ ಸಿಂಧನೂರು, ಲಿಂಗಸುಗೂರು ಹಸಿರಾದವು. ಮಸ್ಕಿ ಮಾತ್ರ ಕೆಂಪಾಗಿಯೇ ಉಳಿಯಿತು. ಸಾಹುಕಾರರು ದಿನಾ ಬೆಳಿಗ್ಗೆ ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕತೊಡಗಿದರು. ಆಮೇಲೆ ಒಂದು ದಿನ, ಮಸ್ಕಿ ಅಂಗಡಿ ಮುಚ್ಚುವುದು ಒಳ್ಳೆಯದು ಎಂದರು.

ಮಸ್ಕಿ ಅಂಗಡಿ ನಡೆಸುತ್ತಿದ್ದ ಮೇಡಂ ಸಂತೆಕಲ್ಲೂರಿನಿಂದ ಆಟೋದಲ್ಲಿ ಬಂದು ಹೋಗುತ್ತಿದ್ದರು. ಅವರ ಮನೆಯಲ್ಲಿ ಪಗಾರ ಎಂಬುದನ್ನು ಮೊದಲು ತಂದವರು ಅವರೇ. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು ಎಂಬ ಕರಾರಿನ ಮೇಲೆ ಅತ್ತೆ ಕೆಲಸಕ್ಕೆ ಬಿಟ್ಟಿದ್ದರು. ಬೇಕಾದರೆ ಸಿಂಧನೂರಿಗೆ ಬರಲಿ ಎಂದು ಸಾಹುಕಾರರು ಉದಾರವಾಗಿ ಹೇಳಿದ್ದರು. ಬಂದರೆ ಆ ಹೊತ್ತಿಗೆ ಮನೆ ಮುಟ್ಟುವುದು ಸಾಧ್ಯವಿರಲಿಲ್ಲ. ಅಂಗಡಿ ಮುಚ್ಚಿದರೆ ಅವರ ನೌಕರಿಯೂ ಮುಗಿದಂತೆ.

ಮೇಡಂ ನನಗೆ ಫೋನು ಮಾಡಿದರು. “ಸರ, ನನ್ನ ಅಂಗಡಿ ಯಾಕ ಕೆಂಪ ಕಾಣಾಕತ್ತೈತ್ರೀ? ಬಂದ ಮಾಲು ಒಂದಿನಾನೂ ನಿಂದ್ರವಲ್ದು.”

ತೆಗೆದು ನೋಡಿದೆ. ಮಾತು ನಿಜ. ಒಂದೇ ಒಂದು ಸಿಮೆಂಟ್ ಚೀಲ ಮಾತ್ರ ಅಂಗಡಿ ತೆರೆದಂದಿನಿಂದ ಕೂತಿತ್ತು.

“ಒಂದು ಹಳೀ ಚೀಲ ಉಳದೈತ್ರೀ ಮೇಡಂ. ಯಾರಿಗಾದ್ರೂ ಕೊಟ್ಟುಬಿಡ್ರಿ.”

“ಅದು ಕೊಡೂದಲ್ರೀ, ಲಕ್ಷ್ಮೀ ಚೀಲ. ಗೋದಾಮು ಪೂರಾ ಬರಿದು ಮಾಡಬಾರದಲ್ರೀ.”

ಜೋಳದ ಡಬ್ಬಿಯಲ್ಲಿ ಒಂದು ಹಿಡಿ ಉಳಿಸದೆ ನನ್ನ ಅವ್ವನೂ ಎಂದೂ ರೊಟ್ಟಿ ಮಾಡಿದವಳಲ್ಲ. ಸಾಫ್ಟ್‌ವೇರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಕಂಪ್ಯೂಟರಿನಿಂದ ಆ ಚೀಲ ತೆಗೆದುಬಿಡುತ್ತೇನೆ ಎಂದೆ.

“ಬ್ಯಾಡ್ರೀ ಸರ. ಮನ್ಯಾಗ ಇರೂ ಲಕ್ಷ್ಮೀನ್ನ ಇಲ್ಲ ಅಂತ ಹೆಂಗ ಬರೀತೀರಿ?”

ಬಂದ ಮಾಲು ಎಲ್ಲಿ ಎಷ್ಟು ಬೇಗ ಹೋಗುತ್ತದೆ ಎಂಬ ಬೇರೆ ಚಿತ್ರ ಮಾಡಿದೆ. ಅದರಲ್ಲಿ ಮಸ್ಕಿಯೇ ಮುಂದು. ಸಾಹುಕಾರರು ಮಿರ್ಚಿ ಭಜಿ ತಿನ್ನುತ್ತ ನೋಡಿದರು. “ಚಂದ ಐತಿ. ಆದ್ರ ಇದು ನೀ ಮಾಡಿದ್ದು. ಅದು ನಾ ಮಾಡಿದ್ದು.”

“ಅಲ್ಲಿ ಒಂದು ಚೀಲ ಐತ್ರೀ...” ಎಂದು ಶುರು ಮಾಡಿದೆ.

“ಒಂದು ಚೀಲ ಮಾರಾಕ ಬರದಾಕಿ ಅಂಗಡಿ ಏನ್ ನಡಸ್ತಾಳ? ನಾಳೆ ಹೋಗಿ ಕೀಲಿ ತರೂಣು.”

ನನಗೆ ಮೈಯೆಲ್ಲ ಉರಿಯಿತು. ಉರಿದ ಮೈಯಲ್ಲೇ ಮರುದಿನ ಅವರ ಕಾರಿನಲ್ಲಿ ಕೂತು ಮಸ್ಕಿಗೆ ಹೋದೆ.

ಮೇಡಂ ಕೀಲಿಗೊಂಚಲನ್ನು ಆಗಲೇ ಮೇಜಿನ ಮೇಲೆ ಇಟ್ಟಿದ್ದರು. ಸಾಹುಕಾರರು ಅದನ್ನೆತ್ತಿಕೊಂಡು ಸೀದಾ ಗೋದಾಮಿಗೆ ನಡೆದರು, ನಾವಿಬ್ಬರೂ ಹಿಂದೆ. ಮೂಲೆಯಲ್ಲಿ ಆ ಚೀಲ ಕಲ್ಲಾಗಿ ಕೂತಿತ್ತು. ಮೈಮೇಲೆ ಅರಿಷಿಣ, ಕುಂಕುಮ, ಚೆಂಡುಹೂವು. ಸಾಹುಕಾರರ ಕಾಲು ತಾನಾಗಿ ಚಪ್ಪಲಿ ಬಿಟ್ಟಿತು. ಕೈಮುಗಿದು, ಚೀಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಬಂದ ಕೆಲಸ ನೆನಪಾಯಿತು.

“ಇದ ಏನು ಆ ಹಳೀ ಚೀಲ? ಯಾಕ ಮಾರಿಲ್ಲ?”

ಮೇಡಂ ಚೀಲದ ಕಡೆ ಕೈ ತೋರಿಸಿದರು. “ನೀವ ಇಟ್ಟದ್ರೀ ಸಾಹುಕಾರ್ರ. ಅಂಗಡಿ ಪೂಜಿ ದಿವ್ಸ ಕಾಯಿ ಒಡದು, ‘ಇದು ಹೋತಂದ್ರ ಅಂಗಡಿ ಹೋತು ತಿಳಕೋ ತಂಗಿ’ ಅಂದಿದ್ರಿ.”

ಸಾಹುಕಾರರು ಕಿಸೆಯಿಂದ ಮೊಬೈಲು ತೆಗೆದರು. ಲಿಂಗಸುಗೂರಿಗೆ ಫೋನು ಹಚ್ಚಿ, ಅಲ್ಲಿಯೂ ಪೂಜೆ ಮಾಡಿ ಇಟ್ಟಿದ್ದ ಚೀಲ ಎಲ್ಲಿದೆ ಎಂದು ಕೇಳಿದರು. ಮ್ಯಾನೇಜರ ಉತ್ಸಾಹ ನಮಗೂ ಕೇಳಿಸಿತು: “ಅದನ್ನ ಅವಾಗ ಹೊರಗ ಒಗದೀನ್ರೀ! ಇಲ್ಲಂದ್ರ ಹಸಿರು ಹೆಂಗ ಆಗ್ತಿತ್ತು?”

ಸಿಂಧನೂರಿನದು ಏನಾಯಿತೆಂದು ನನ್ನನ್ನು ಕೇಳಲಿಲ್ಲ. ಕಚೇರಿಯ ಹಿಂದೆ ಲಾರಿಯ ಗಾಲಿಗೆ ಒತ್ತು ಕೊಡುವ, ಚೀಲದ ಆಕಾರದ ಕಲ್ಲನ್ನು ಅವರೂ ದಿನಾ ನೋಡುತ್ತಿದ್ದರು.

ಕೀಲಿಗೊಂಚಲನ್ನು ಮೇಡಂ ಕೈಗೆ ಕೊಟ್ಟರು. “ಹೂವು ಬಾಡ್ಯಾವ. ಬ್ಯಾರೆ ಏರಸವಾ ತಂಗಿ” ಎಂದು ಹೊರಗೆ ಹೋದರು.

ಮೇಡಂ ಕೀಲಿಗೊಂಚಲನ್ನು ಸೆರಗಿಗೆ ಗಂಟು ಹಾಕಿಕೊಂಡರು. ಪಕ್ಕದಲ್ಲಿ ಕೂರುವಂಥದ್ದು ಆ ಚೀಲ ಒಂದೇ ಇತ್ತು. ಅದರ ಮೇಲೆ ಕೂರಬಾರದೆಂದು ಬರಿ ನೆಲದ ಮೇಲೆ ಕೂತು ಅತ್ತರು. ನನ್ನ ಕಣ್ಣಲ್ಲೂ ನೀರು ಬಂತು. ಸಿಮೆಂಟಿನ ಧೂಳು ಎನ್ನೋಣವೆಂದರೆ ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಗ್ರೂಪಿನಲ್ಲಿ ಎಂದಿನಂತೆ ಮೂರು ವೃತ್ತ ಬಂದವು. ಮಸ್ಕಿ ಕೆಂಪು. ಕೆಳಗೆ ಸಾಹುಕಾರರು ಬರೆದಿದ್ದರು: “ಉಳದ ಎರಡೂ ಯಾಕ ಹಸಿರು ಅದಾವ? ಇವತ್ತ ಬಂದು ಹೇಳ್ರಿ.”